ಶೇಕಡಾ ಎರಡು ಅಂದರೆ ಎಷ್ಟು? ಅಕಿವಾಟದಿಂದ ನೋಡಿದಾಗ ಎಂಬಿಎ ಪ್ರವೇಶ ಪರೀಕ್ಷೆಯ ಗಣಿತ

(ವಿಭಾಗದ ಆನ್‌ಲೈನ್ ಸೆಮಿನಾರಿನಲ್ಲಿ ಮಾತಾಡಿದ್ದನ್ನು ಬರಹಕ್ಕೆ ಇಳಿಸಿದ್ದು. ಮಾತಿನ ಧಾಟಿಯನ್ನು ಬಹುಮಟ್ಟಿಗೆ ಹಾಗೇ ಉಳಿಸಿಕೊಂಡಿದೆ. ಕೊನೆಯ ಭಾಗದಲ್ಲಿ ಚರ್ಚೆಯ ಕೆಲವು ಪ್ರಶ್ನೆಗಳನ್ನು ಸೇರಿಸಿದೆ.)

ಸರ್, ಮೇಡಂ, ಗೆಳೆಯರೇ, ನನ್ನ ದನಿ ಕೇಳಿಸ್ತಾ ಇದೆ ಅಂದುಕೊಳ್ತೀನಿ. ಊರಿಂದ ಮಾತಾಡ್ತಾ ಇದ್ದೀನಿ, ನೆಟ್‌ವರ್ಕ್ ಮಧ್ಯೆ ಕೈಕೊಟ್ಟರೆ ಸ್ವಲ್ಪ ಸಹಿಸಿಕೊಳ್ಳಬೇಕು.

ಇತಿಹಾಸದ ಸೆಮಿನಾರಿನಲ್ಲಿ ಜಿಮ್ಯಾಟ್ ಗಣಿತ ಯಾಕೆ ಅಂತ ಕೆಲವರು ಆಗಲೇ ಕೇಳಿದ್ದಾರೆ. ಒಂದು ತಪ್ಪು ಉತ್ತರದಿಂದ ಶುರು ಮಾಡ್ತೀನಿ, ಆ ತಪ್ಪು ನನ್ನದೇ. ಕೆಲವು ವರ್ಷದ ಹಿಂದೆ ಎಂಬಿಎ ಮಾಡಬೇಕು ಅಂತ ತಯಾರಿಗೆ ಕೂತಿದ್ದೆ. ಒಂದು ಅಭ್ಯಾಸ ಪರೀಕ್ಷೆಯಲ್ಲಿ ಬಂದ ಪ್ರಶ್ನೆ ಇದು: 40,000 ರೂಪಾಯಿ ಅಸಲು, ಶೇಕಡಾ 2ರ ಸರಳ ಬಡ್ಡಿ, 3 ವರ್ಷ, ಬಡ್ಡಿ ಎಷ್ಟು? ನಾನು ಬರೆದದ್ದು 28,800. ಸರಿ ಉತ್ತರ 2,400. ಹನ್ನೆರಡು ಪಟ್ಟು ವ್ಯತ್ಯಾಸ. ಪ್ರಶ್ನೆಯಲ್ಲಿ ‘ವಾರ್ಷಿಕ’ ಅಂತ ಇಂಗ್ಲಿಷಿನಲ್ಲಿ ಇತ್ತು. ನನ್ನ ಕಣ್ಣು ಅದನ್ನು ದಾಟಿಕೊಂಡು ಹೋಗಿತ್ತು. ಯಾಕೆಂದರೆ ಅಕಿವಾಟದಲ್ಲಿ ‘ಶೇಕಡಾ ಎರಡು’ ಅಂದರೆ ನೂರಕ್ಕೆ ತಿಂಗಳಿಗೆ ಎರಡು. ಮನೆಗೆ ಬಂದು ಅಜ್ಜನಿಗೆ ಹೇಳಿದೆ. ಅವರು ನಕ್ಕರು: “ತಿಂಗಳಿಗೆ ಅಲ್ಲೇನೋ ತಮ್ಮಾ? ವರ್ಷಕ್ಕ ಎರಡರಂಗ ಯಾರು ಕೊಡ್ತಾರ? ಅಂಥಾವ ಇದ್ರ ನನಗೂ ತೋರಿಸು.”

ನನಗೆ ಗಣಿತ ಬರುತ್ತಿರಲಿಲ್ಲ ಅಂತಲ್ಲ. ಬೇರೆ ಒಂದು ಗಣಿತ ಬರುತ್ತಿತ್ತು. ಅದು ಎಷ್ಟು ಹಳೆಯದು ಅಂತ ಆಮೇಲೆ ಗೊತ್ತಾಯಿತು. ಎಂಬಿಎ ಕೈಬಿಟ್ಟು ಇತಿಹಾಸಕ್ಕೆ ಬಂದೆ, ಆ ಕಥೆ ಇಲ್ಲಿ ಬೇಡ. ಭಾಸ್ಕರಾಚಾರ್ಯರ ‘ಲೀಲಾವತಿ’ 1150ರ ಕೃತಿ. ಅದರಲ್ಲಿ ಪಂಚರಾಶಿಗೆ ಕೊಟ್ಟ ಉದಾಹರಣೆ ಇದು: ನೂರಕ್ಕೆ ತಿಂಗಳಿಗೆ ಐದು ಬಡ್ಡಿಯಾದರೆ ಹದಿನಾರಕ್ಕೆ ಒಂದು ವರ್ಷಕ್ಕೆ ಎಷ್ಟು? ಉತ್ತರ ಒಂಬತ್ತು ಪೂರ್ಣ ಮೂರು ಐದಾಂಶ. ಅದಕ್ಕಿಂತ ಮುನ್ನೂರು ವರ್ಷ ಹಿಂದಿನ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲೂ ಬಡ್ಡಿಯನ್ನು ನೂರಕ್ಕೆ, ತಿಂಗಳ ಲೆಕ್ಕದಲ್ಲೇ ಹೇಳುತ್ತಾರೆ. ಅಂದರೆ ಅಜ್ಜನ ‘ಶೇಕಡಾ’ ಅಜ್ಞಾನ ಅಲ್ಲ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ದಖ್ಖನಿನಲ್ಲಿ ಚಲಾವಣೆಯಲ್ಲಿದ್ದ ಒಂದು ಪದ್ಧತಿ, ಬ್ಯಾಂಕುಗಳು ಬಂದ ಮೇಲೂ ಊರಲ್ಲಿ ಉಳಿದುಕೊಂಡದ್ದು.

ಊರಿನ ಬಗ್ಗೆ ಎರಡು ಮಾತು. ಅಕಿವಾಟ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿದೆ, ಕಬ್ಬಿನ ಸೀಮೆ. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ. ಒಂದು ಕಡೆ ಕುರುಂದವಾಡ, ಇನ್ನೊಂದು ಕಡೆ ಖಿದ್ರಾಪುರದ ಕೋಪೇಶ್ವರ ಗುಡಿ, ಗಡಿ ದಾಟಿದರೆ ಸದಲಗಾ. ದುಡಿಮೆಗೆ ಇಚಲಕರಂಜಿಯ ಮಗ್ಗ. ಕಲಚುರಿ, ಶಿಲಾಹಾರ, ರಟ್ಟ, ಯಾದವರ ಕಾಲದಲ್ಲಿ ಈ ಭಾಗ ಇಡೀ ಒಂದೇ ವ್ಯಾಪಾರದ ಹರಹು. ಕೊಲ್ಹಾಪುರ, ಮಿರಜ, ತೇರದಾಳದ ಶಾಸನಗಳಲ್ಲಿ ವರ್ತಕ ಸಂಘಗಳ ಹೆಸರು ಬರುತ್ತದೆ. ಲೆಕ್ಕ ಗೊತ್ತಿಲ್ಲದೆ ಅಷ್ಟು ವ್ಯಾಪಾರ ನಡೆಯೋದಿಲ್ಲ.

ಆ ಲೆಕ್ಕವನ್ನು ಕನ್ನಡದಲ್ಲಿ ಬರೆದವನು 12ನೆಯ ಶತಮಾನದ ರಾಜಾದಿತ್ಯ. ಅವನ ‘ವ್ಯವಹಾರಗಣಿತ’ವನ್ನು ನಾವೆಲ್ಲ ಸಾಹಿತ್ಯ ಚರಿತ್ರೆಯಲ್ಲಿ ಒಂದು ಸಾಲಿನಲ್ಲಿ ಓದಿ ಮುಂದೆ ಹೋಗಿರುತ್ತೇವೆ. ಅವನ ಊರು ಪೂವಿನಬಾಗೆ. ಅದು ಇಂದಿನ ಬೆಳಗಾವಿ ಜಿಲ್ಲೆಯ ರಾಯಬಾಗ ಅಂತ ವಿದ್ವಾಂಸರು ಗುರುತಿಸುತ್ತಾರೆ. ನಮ್ಮೂರಿಂದ ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮರಳಬಹುದಾದಷ್ಟು ಹತ್ತಿರ. ಕ್ಷೇತ್ರಗಣಿತ, ಲೀಲಾವತಿ, ಚಿತ್ರಹಸುಗೆ ಅಂತ ಇನ್ನೂ ಕೃತಿಗಳಿವೆ. ಆದರೆ ಹೆಸರಲ್ಲೇ ‘ವ್ಯವಹಾರ’ ಇಟ್ಟುಕೊಂಡ ಮೊದಲಿನದು ನನಗೆ ಮುಖ್ಯ. ಅದು ಪಂಡಿತರ ಗಣಿತ ಮಾತ್ರ ಅಲ್ಲ, ಕೊಡುಕೊಳ್ಳುವವರ ಗಣಿತ.

ಈಗ ಪರೀಕ್ಷೆಯ ಕಡೆ ಬರೋಣ. ಅದಕ್ಕೂ ಒಂದು ಇತಿಹಾಸ ಇದೆ, ಬಹಳ ಉದ್ದದ್ದಲ್ಲ. 1953ರಲ್ಲಿ ಅಮೆರಿಕದ ಕೆಲವು ಬಿಸಿನೆಸ್ ಸ್ಕೂಲುಗಳು ಎಜುಕೇಶನಲ್ ಟೆಸ್ಟಿಂಗ್ ಸರ್ವಿಸ್ ಜೊತೆ ಕೂತು ಒಂದು ಸಾಮಾನ್ಯ ಪರೀಕ್ಷೆ ಬೇಕು ಅಂತ ಮಾತಾಡಿದವು. 1954ರಲ್ಲಿ ಮೊದಲ ಸಲ ಪರೀಕ್ಷೆ ನಡೆಯಿತು. ಜಿಮ್ಯಾಟ್ ಅನ್ನುವ ಹೆಸರು ಬಂದದ್ದು 1976ರಲ್ಲಿ, ಕಂಪ್ಯೂಟರಿಗೆ ಹೋದದ್ದು 1997ರಲ್ಲಿ. 2023ರ ನವೆಂಬರಿನಲ್ಲಿ ಹೊಸ ರೂಪ ಬಂತು: ಗಣಿತಕ್ಕೆ 21 ಪ್ರಶ್ನೆ, 45 ನಿಮಿಷ, ಕ್ಯಾಲ್ಕುಲೇಟರ್ ಇಲ್ಲ. ರೇಖಾಗಣಿತವನ್ನು ಕೈಬಿಟ್ಟರು.

ಈ ಕೊನೆಯ ಸಂಗತಿ ಓದಿದಾಗ ನನಗೆ ಗಣಿತಸಾರಸಂಗ್ರಹದ ಅಧ್ಯಾಯಗಳು ನೆನಪಾದವು. ಅದರಲ್ಲಿ ಭಿನ್ನರಾಶಿ ಇದೆ, ತ್ರೈರಾಶಿಕ ಇದೆ, ಬಡ್ಡಿ, ಪಾಲುದಾರಿಕೆ, ಚಿನ್ನದ ಬೆರಕೆ ಎಲ್ಲ ಸೇರಿದ ‘ಮಿಶ್ರಕ ವ್ಯವಹಾರ’ ಇದೆ. ಆಮೇಲೆ ಕ್ಷೇತ್ರ, ಖಾತ, ಛಾಯೆ. ಪರೀಕ್ಷೆಯವರು ಕ್ಷೇತ್ರ, ಖಾತ, ಛಾಯೆ ಬಿಟ್ಟು ಮಿಶ್ರಕವನ್ನು ಇಟ್ಟುಕೊಂಡಿದ್ದಾರೆ ಅನ್ನಬಹುದು. ತಮಾಷೆಗೆ ಹೇಳ್ತಾ ಇದ್ದೀನಿ, ಆದರೆ ಪೂರ್ತಿ ತಮಾಷೆ ಅಲ್ಲ. ವ್ಯಾಪಾರ ಕಲಿಸುವ ಸಾಲಿಗೆ ಸೇರುವವನಿಗೆ ಯಾವ ಗಣಿತ ಬೇಕು ಅನ್ನುವ ಪ್ರಶ್ನೆಗೆ ಎರಡೂ ಕಾಲದವರು ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟಿದ್ದಾರೆ.

ಗ್ರಂಥದ ಬಗ್ಗೆ ಸ್ವಲ್ಪ ಹೇಳಿಬಿಡ್ತೀನಿ. ಮಹಾವೀರಾಚಾರ್ಯರು ಜೈನರು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನನ್ನು ಗ್ರಂಥದ ಮೊದಲಲ್ಲೇ ಕೊಂಡಾಡುತ್ತಾರೆ, ಹಾಗಾಗಿ ಕಾಲ ಸುಮಾರು 850. ಭಾಷೆ ಸಂಸ್ಕೃತ. ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ 1912ರಲ್ಲಿ ಅಚ್ಚು ಮಾಡಿಸಿದರು. ಸೋಲಾಪುರದ ಜೀವರಾಜ ಜೈನ ಗ್ರಂಥಮಾಲೆ 1963ರಲ್ಲಿ ಹಿಂದಿ ಅನುವಾದ ತಂದಿತು. ಕನ್ನಡಕ್ಕೆ ಪದ್ಮಾವತಮ್ಮನವರು ತಂದರು, 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು. ಕನ್ನಡ ನಾಡಿನ ರಾಜನ ಆಶ್ರಯದಲ್ಲಿ ಹುಟ್ಟಿದ ಪುಸ್ತಕ ಕನ್ನಡ ಓದುಗನ ಕೈಗೆ ಅಚ್ಚಿನಲ್ಲಿ ಪೂರ್ತಿಯಾಗಿ ಸಿಗಲು ಇಷ್ಟು ಕಾಲ ಹಿಡಿಯಿತು.

ಅದರಲ್ಲಿನ ಒಂದು ಲೆಕ್ಕವನ್ನು ನಿಧಾನವಾಗಿ ನೋಡೋಣ. ಮೂವರು ವರ್ತಕರು ದಾರಿಯಲ್ಲಿ ಒಂದು ಹಣದ ಥೈಲಿ ನೋಡುತ್ತಾರೆ. ಮೊದಲನೆಯವನು ಹೇಳುತ್ತಾನೆ, ಇದು ನನಗೆ ಸಿಕ್ಕರೆ ನಿಮ್ಮಿಬ್ಬರ ಹಣ ಕೂಡಿಸಿದ್ದರ ಎರಡು ಪಟ್ಟು ನನ್ನದಾಗುತ್ತದೆ. ಎರಡನೆಯವನು, ನನಗೆ ಸಿಕ್ಕರೆ ಮೂರು ಪಟ್ಟು. ಮೂರನೆಯವನು, ನನಗೆ ಸಿಕ್ಕರೆ ಐದು ಪಟ್ಟು. ಥೈಲಿಯಲ್ಲಿ ಎಷ್ಟಿತ್ತು, ಒಬ್ಬೊಬ್ಬರ ಕೈಲಿ ಎಷ್ಟಿತ್ತು?

ಕೋಚಿಂಗ್ ಕ್ಲಾಸಿನಲ್ಲಿ ಕೂತವರು ತಕ್ಷಣ ನಾಲ್ಕು ಅವ್ಯಕ್ತ, ಮೂರು ಸಮೀಕರಣ ಅಂತ ಶುರು ಮಾಡ್ತಾರೆ. ಅಷ್ಟು ಬೇಕಿಲ್ಲ. ಥೈಲಿಯೂ ಸೇರಿ ಎಲ್ಲ ಹಣವನ್ನು ಒಟ್ಟು ಅನ್ನೋಣ. ಮೊದಲನೆಯವನು ಥೈಲಿ ಹಿಡಿದಾಗ ಉಳಿದಿಬ್ಬರದು ಒಂದು ಪಾಲು, ಇವನದು ಎರಡು ಪಾಲು. ಅಂದರೆ ಉಳಿದಿಬ್ಬರದು ಒಟ್ಟಿನ ಮೂರನೇ ಒಂದು. ಹೀಗೇ ಎರಡನೆಯವನನ್ನು ಬಿಟ್ಟರೆ ಉಳಿದಿಬ್ಬರದು ನಾಲ್ಕನೇ ಒಂದು, ಮೂರನೆಯವನನ್ನು ಬಿಟ್ಟರೆ ಆರನೇ ಒಂದು. ಮೂರನ್ನೂ ಕೂಡಿಸಿದರೆ ಮುಕ್ಕಾಲು. ಅದರಲ್ಲಿ ಪ್ರತಿಯೊಬ್ಬರೂ ಎರಡು ಸಲ ಬಂದಿದ್ದಾರೆ, ಆದ್ದರಿಂದ ಮೂವರ ಕೈಯ ಹಣ ಒಟ್ಟಿನ ಎಂಟರಲ್ಲಿ ಮೂರು, ಥೈಲಿ ಎಂಟರಲ್ಲಿ ಐದು. ಒಟ್ಟನ್ನು 24 ಅಂತ ಹಿಡಿದರೆ ಥೈಲಿ 15, ಮೂವರ ಬಳಿ 1, 3, 5. ತಾಳೆ ನೋಡಿ: 15 ಮತ್ತು 1 ಕೂಡಿ 16, ಅದು 8ರ ಎರಡು ಪಟ್ಟು. 18 ಅನ್ನುವುದು 6ರ ಮೂರು ಪಟ್ಟು. 20 ಅನ್ನುವುದು 4ರ ಐದು ಪಟ್ಟು.

ಆದರೆ 30, 2, 6, 10 ಹಿಡಿದರೂ ತಾಳೆಯಾಗುತ್ತದೆ. ಮೂವರೂ ಹೇಳಿದ್ದು ಪಟ್ಟುಗಳನ್ನು ಮಾತ್ರ, ಮೊತ್ತವನ್ನು ಯಾರೂ ಹೇಳಿಲ್ಲ. ಗ್ರಂಥದ ಸೂತ್ರ ಚಿಕ್ಕ ಪೂರ್ಣಸಂಖ್ಯೆಗಳನ್ನು ಕೊಟ್ಟು ಮುಗಿಸುತ್ತದೆ. ಜಿಮ್ಯಾಟ್ ಇದನ್ನೇ ತಿರುವಿ ಕೇಳುತ್ತದೆ: ಇಷ್ಟು ಮಾಹಿತಿ ಸಾಕೇ? ‘ಡೇಟಾ ಸಫಿಶಿಯೆನ್ಸಿ’ ಅನ್ನುವ ಬಗೆ ಅದು. ಒಂದು ಪ್ರಶ್ನೆ, ಕೆಳಗೆ ಎರಡು ಹೇಳಿಕೆ. ಉತ್ತರ ಎಷ್ಟು ಅಂತ ಹೇಳಬೇಕಿಲ್ಲ, ಹೇಳಲು ಸಾಧ್ಯವೇ ಅಂತ ಹೇಳಬೇಕು. ಹಳೆಯ ಗ್ರಂಥದಲ್ಲಿ ‘ಎಷ್ಟು’, ಹೊಸ ಪರೀಕ್ಷೆಯಲ್ಲಿ ‘ಸಾಕೇ’. ನನಗೆ ಕಂಡಂತೆ ಈ ಎರಡರ ನಡುವಿನ ನಿಜವಾದ ವ್ಯತ್ಯಾಸ ಇದೊಂದೇ. ಉಳಿದದ್ದೆಲ್ಲ ಹಳೆಯ ಸರಕು.

ಹಳೆಯ ಸರಕು ಅಂದೆ, ಇನ್ನೊಂದು ನೋಡಿ. 9 ಮಾದಲಹಣ್ಣು, 7 ಬೇಲದ ಹಣ್ಣು ಸೇರಿ ಬೆಲೆ 107. 7 ಮಾದಲ, 9 ಬೇಲ ಸೇರಿ 101. ಒಂದೊಂದರ ಬೆಲೆ ಏನು? ಇದೂ ಮಹಾವೀರಾಚಾರ್ಯರದೇ. ಅವರ ಸೂತ್ರದಂತೆ ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದ ಗುಣಿಸಿದರೆ 963, ಚಿಕ್ಕದನ್ನು ಚಿಕ್ಕದರಿಂದ ಗುಣಿಸಿದರೆ 707, ಕಳೆದರೆ 256. ಅದನ್ನು 81ರಲ್ಲಿ 49 ಕಳೆದ 32ರಿಂದ ಭಾಗಿಸಿದರೆ 8. ಅದು ಮಾದಲ. ಬೇಲ 5. ಇಂದಿನ ಕೋಚಿಂಗ್‌ನವರು ಹೇಳಿಕೊಡುವುದು ಬೇರೆ ದಾರಿ: ಎರಡೂ ಸಾಲು ಕೂಡಿಸು, 16 ಜೋಡಿಗೆ 208, ಒಂದು ಜೋಡಿಗೆ 13. ಕಳೆದರೆ ಎರಡರ ಬೆಲೆಯ ಅಂತರ 3. ಮುಗಿಯಿತು. ಹೀಗೆ ಅದಲುಬದಲಾದ ಲೆಕ್ಕದಲ್ಲಿ ಸೂತ್ರ ಯಾವ ಸಂಖ್ಯೆ ಕೊಟ್ಟರೂ ಯೋಚಿಸದೆ ಉತ್ತರ ಕೊಡುತ್ತದೆ. ಕೂಡಿ ಕಳೆಯುವ ದಾರಿಗೆ 9-7, 7-9 ಅನ್ನುವ ಅದಲುಬದಲು ಕಣ್ಣಿಗೆ ಬೀಳಬೇಕು. ಎರಡು ನಿಮಿಷದ ಪರೀಕ್ಷೆಗೆ ಬೇಕಾದದ್ದು ಆ ಕಣ್ಣು. ನನಗೆ ಎರಡನೆಯದು ಇಷ್ಟ, ಆದರೆ ಅಂಗಡಿಯಲ್ಲಿ ಕೂರುವವನಿಗೆ ಮೊದಲನೆಯದೇ ನಂಬಿಕೆಯದು.

ಮಹಾವೀರಾಚಾರ್ಯರು ಎಡವಿದ ಜಾಗವನ್ನೂ ಹೇಳಬೇಕು. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಅಂತ ಬರೆದಿದ್ದಾರೆ. ಪರೀಕ್ಷೆಯವರಿಗೂ ಈ ಜಾಗ ಬಹಳ ಪ್ರೀತಿಯದು. ಒಂದು ಸಂಖ್ಯೆಯ ವರ್ಗ ಅದೇ ಸಂಖ್ಯೆಗೆ ಸಮ ಅಂದಾಗ ಎರಡೂ ಕಡೆ ಅದರಿಂದಲೇ ಭಾಗಿಸಿ ‘ಒಂದು’ ಅಂತ ಬರೆದು ಬರುವವರು ಇಂದಿಗೂ ಇದ್ದಾರೆ. ಸೊನ್ನೆಯೂ ಆಗಬಹುದು ಅನ್ನೋದು ಅವರಿಗೆ ಹೊಳೆಯೋದಿಲ್ಲ.

ಇನ್ನು ಗ್ರಂಥ ಬಿಟ್ಟು ಬಾಯಿಲೆಕ್ಕಕ್ಕೆ ಬರ್ತೀನಿ, ನನ್ನ ಕೆಲಸ ಹೆಚ್ಚಾಗಿ ಇರುವುದು ಅಲ್ಲೇ. ನಮ್ಮ ಭಾಗದ ಹಳೆಯ ಗಾಂವಠಿ ಸಾಲಿಗಳಲ್ಲಿ ಪೂರ್ಣಾಂಕದ ಮಗ್ಗಿ ಆದ ಮೇಲೆ ಭಿನ್ನದ ಮಗ್ಗಿ ಹೇಳಿಸುತ್ತಿದ್ದರು. ಪಾವಕಿ, ನಿಮಕಿ, ಪಾವಣಕಿ, ಸವಾಯಕಿ, ದಿಡಕಿ, ಅಡೀಚಕಿ, ಔಟಕಿ. ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು, ಒಂದೂವರೆ, ಎರಡೂವರೆ, ಮೂರೂವರೆ, ಇವುಗಳ ಮಗ್ಗಿ. ಅಜ್ಜನಿಗೆ ಇವತ್ತಿಗೂ ಅಡೀಚಕಿ ಬರುತ್ತದೆ. ಅದರ ಜೊತೆ ಆಣೆಯ ಲೆಕ್ಕ. ರೂಪಾಯಿಗೆ ಹದಿನಾರು ಆಣೆ ಇದ್ದಾಗ ಆಣೆ ಅನ್ನುವುದು ನಾಣ್ಯವೂ ಹೌದು, ಭಿನ್ನರಾಶಿಯೂ ಹೌದು. ಬೆಳೆಯಲ್ಲಿ ಹತ್ತಾಣೆ ಪಾಲು ಅಂದರೆ ಎಂಟರಲ್ಲಿ ಐದು.

ಕೋಚಿಂಗ್‌ನಲ್ಲಿ ಮೊದಲ ವಾರ ಒಂದು ಹಾಳೆ ಕೊಡ್ತಾರೆ, ಬಾಯಿಪಾಠ ಮಾಡಿ ಅಂತ: ಎಂಟನೇ ಒಂದು ಅಂದರೆ ಶೇಕಡಾ 12.5, ಹದಿನಾರನೇ ಒಂದು 6.25, ಹದಿನಾರರಲ್ಲಿ ಮೂರು 18.75, ಎಂಟರಲ್ಲಿ ಐದು 62.5. ನಾನು ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದೆ. ಅಜ್ಜ ಕನ್ನಡಕ ಹಾಕಿಕೊಂಡು ನೋಡಿ, “ಇದು ಎರಡಾಣೆ, ಇದು ಒಂದಾಣೆ, ಇದು ಮೂರಾಣೆ, ಇದು ಹತ್ತಾಣೆ. ಇದನ್ನೇನು ಪಾಠ ಮಾಡೂದು?” ಅಂದರು. 4,800ರ ಶೇಕಡಾ 62.5 ಎಷ್ಟು ಅಂತ ಕೇಳಿದರೆ ಅವರಿಗೆ ಶೇಕಡಾ ಹಿಡಿಸಲಿಲ್ಲ. ರೂಪಾಯಿಗೆ ಹತ್ತಾಣೆಯಂಗ ಅಂದ ಕೂಡಲೇ “ಮೂರು ಸಾವಿರ” ಅಂದರು. ನಾನಿನ್ನೂ ಪೆನ್ನಿನ ಮುಚ್ಚಳ ತೆಗೀತಾ ಇದ್ದೆ.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂತು. ಆಣೆ ಹೋಯಿತು. ಮಾತಿನಲ್ಲಿ ಚಾರಾಣೆ, ಆಠಾಣೆ ಉಳಿದವು. 25 ಪೈಸೆ ಚಲಾವಣೆಯಿಂದ ಹೋದದ್ದು 2011ರ ಜೂನ್ ಕೊನೆಗೆ, ಆಗ ಚಾರಾಣೆ ಕೈಗೆ ಸಿಗೋದೂ ನಿಂತಿತು. ದಶಮಾಂಶ ತಪ್ಪು ಅಂತ ನಾನು ಹೇಳ್ತಾ ಇಲ್ಲ, ಅದರಿಂದ ಲಾಭ ಬಹಳ ಆಗಿದೆ. ಆದರೆ ಎರಡು ತಲೆಮಾರಿನೊಳಗೆ ನಾವು ಕಳೆದುಕೊಂಡ ಒಂದು ಸಾಮರ್ಥ್ಯವನ್ನು ಈಗ ಫೀ ಕೊಟ್ಟು ಹಾಳೆಯಲ್ಲಿ ಕೊಳ್ಳುತ್ತಿದ್ದೇವೆ. ಇದು ದಾಖಲಾಗಬೇಕು ಅನ್ನಿಸುತ್ತದೆ. ಬೆಳ್ಳಿಗೆ ಹೆಸರಾದ ಹುಪರಿ ನಮ್ಮ ಜಿಲ್ಲೆಯದೇ. 90 ಟಂಚದ ಬೆಳ್ಳಿಗೆ 60 ಟಂಚದ್ದು ಎಷ್ಟು ಬೆರೆಸಿದರೆ 80 ಬರುತ್ತದೆ? 80ರಿಂದ 60 ಇಪ್ಪತ್ತು ದೂರ, 90 ಹತ್ತು ದೂರ, ಆದ್ದರಿಂದ ಎರಡಕ್ಕೆ ಒಂದು. ಪರೀಕ್ಷೆಯ ಪುಸ್ತಕದಲ್ಲಿ ಇದಕ್ಕೆ ‘ಅಲಿಗೇಶನ್’ ಅಂತ ಹೆಸರು, ಅಡ್ಡಗೆರೆ ಹಾಕಿದ ಚಿತ್ರವೂ ಇರುತ್ತದೆ. ಗಣಿತಸಾರಸಂಗ್ರಹದ ಚಿನ್ನದ ವರ್ಣದ ಲೆಕ್ಕಗಳು ಇದೇ ಜಾತಿಯವು.

ಹಾಗಾದರೆ ಇಲ್ಲಿಂದ ಅಲ್ಲಿಗೆ ದಾರಿ ಇದೆಯೇ? ಇಲ್ಲಿ ಎಚ್ಚರ ಬೇಕು. ಇಟಲಿಯ ಫಿಬೊನಾಚಿ 1202ರಲ್ಲಿ ಬರೆದ ‘ಲಿಬರ್ ಅಬಾಚಿ’ಯಲ್ಲಿ ಥೈಲಿ ಸಿಕ್ಕವರ ಲೆಕ್ಕಗಳು ಸಾಲಾಗಿ ಬರುತ್ತವೆ. ಭಾರತದ ಅಂಕಿಗಳು ಅರಬ್ಬರ ಮೂಲಕ ಅವನಿಗೆ ತಲುಪಿದ್ದು ನಿಶ್ಚಯ, ಅವನೇ ಹೇಳುತ್ತಾನೆ. ಆದರೆ ಮಹಾವೀರಾಚಾರ್ಯರ ಥೈಲಿಯೇ ಅವನ ಥೈಲಿ ಅನ್ನಲು ಆಧಾರ ಇಲ್ಲ. ಬೇರೆ ಬೇರೆ ಪೇಟೆಗಳಲ್ಲಿ ವರ್ತಕರು ಒಂದೇ ಬಗೆಯ ಪ್ರಶ್ನೆ ಕಟ್ಟಿರಬಹುದು. ಯುರೋಪಿನ ವರ್ತಕರ ಲೆಕ್ಕದ ಸಾಲಿಗಳಿಂದ ಅದು ಇಂಗ್ಲಿಷ್ ಅಂಕಗಣಿತದ ಪುಸ್ತಕಗಳಿಗೆ ಬಂತು, ಆ ಪುಸ್ತಕಗಳು ಕಂಪನಿ ಸರಕಾರದ ಕಾಲದಲ್ಲಿ ನಮ್ಮ ಸಾಲಿಗಳಿಗೆ ಬಂದವು. ಆಗ ತ್ರೈರಾಶಿಕ ‘ರೂಲ್ ಆಫ್ ಥ್ರೀ’ ಅನ್ನೋ ಹೆಸರು ಹೊತ್ತು ಬಂತು. ಇಷ್ಟು ಹೇಳಬಹುದು. ಇದಕ್ಕಿಂತ ಹೆಚ್ಚು ಎದೆ ಉಬ್ಬಿಸಿದರೆ ಇತಿಹಾಸ ಆಗೋದಿಲ್ಲ.

ಈಗ ಇದರಲ್ಲಿ ಇಂದಿನವರಿಗೆ ಏನಿದೆ ಅನ್ನೋದಕ್ಕೆ ಬರ್ತೀನಿ. ನಮ್ಮ ಕಡೆಯ ಹೆಚ್ಚಿನ ಮಕ್ಕಳು ಬರೆಯೋದು ಜಿಮ್ಯಾಟ್ ಅಲ್ಲ, ಮಹಾರಾಷ್ಟ್ರದ ಎಂಬಿಎ ಸಿಇಟಿ. 200 ಪ್ರಶ್ನೆ, 150 ನಿಮಿಷ. ಒಂದಕ್ಕೆ 45 ಸೆಕೆಂಡು. ಮನೆಯ ಕನ್ನಡ, ಸಾಲಿಯ ಮರಾಠಿ, ಪರೀಕ್ಷೆಯ ಇಂಗ್ಲಿಷ್ ಅಂತ ಮೂರು ಮೆಟ್ಟಿಲು ಹತ್ತಿಳಿಯುವುದು ಆ 45 ಸೆಕೆಂಡಿನಲ್ಲೇ. 24 ಅನ್ನುವುದನ್ನು ಮನೆಯಲ್ಲಿ ಇಪ್ಪತ್ತನಾಲ್ಕು ಅಂತೇವೆ, ಬರೆದ ಕ್ರಮವೇ ಹೇಳಿದ ಕ್ರಮ. ಮರಾಠಿಯಲ್ಲಿ ಚೋವೀಸ, ನಾಲ್ಕು ಮುಂದೆ. 2019ರಲ್ಲಿ ಬಾಲಭಾರತಿಯ ಎರಡನೇ ಇಯತ್ತೆಯ ಗಣಿತ ಪುಸ್ತಕದಲ್ಲಿ ‘ವೀಸ ಚಾರ’ ಅನ್ನುವಂಥ ಕ್ರಮ ಬಂದಾಗ ದೊಡ್ಡ ಗದ್ದಲ ಆಯಿತು. ನಮ್ಮ ಮನೆಯಲ್ಲಿ ಅದಕ್ಕೆ ನಗು ಬಂತು, ನಾವು ಹುಟ್ಟಿದಾಗಿಂದ ಹಾಗೇ ಎಣಿಸುತ್ತಿದ್ದೆವು.

ಭಾಷೆ ಅಡ್ಡಿ ಅಂತ ಮಾತ್ರ ತಿಳಿಯಬೇಡಿ. ‘ತಂದೆಯ ವಯಸ್ಸಿಗಿಂತ ಐದು ಕಡಿಮೆ’ ಅನ್ನಿ. ಮೊದಲು ತಂದೆ, ಆಮೇಲೆ ಐದು, ಆಮೇಲೆ ಕಡಿಮೆ. ಬರೆಯುವುದೂ ಅದೇ ಕ್ರಮ, ತಂದೆಯಿಂದ ಐದು ಕಳೆ. ಇಂಗ್ಲಿಷಿನಲ್ಲಿ ‘ಫೈವ್ ಲೆಸ್ ದ್ಯಾನ್’ ಅಂತ ಐದು ಮುಂದೆ ಬರುತ್ತದೆ, ಎಡದಿಂದ ಬರೆಯುತ್ತ ಹೋದವನು ಐದರಿಂದ ತಂದೆಯನ್ನು ಕಳೆದು ಕೂರುತ್ತಾನೆ. ನಾನು ಊರಿನ ಮಕ್ಕಳಿಗೆ ವಾರಕ್ಕೆರಡು ಸಂಜೆ ಹೇಳಿಕೊಡುತ್ತೇನೆ. ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಓದಿಸಿ, ಕನ್ನಡದಲ್ಲಿ ಒಂದು ಸಲ ಬಾಯಿಬಿಟ್ಟು ಹೇಳಿಸಿ, ಆಮೇಲೆ ಬರೆಸುತ್ತೇನೆ. ಮೊದಲು ನಿಧಾನ ಆಗುತ್ತದೆ. ಆಮೇಲೆ ಈ ಬಗೆಯ ತಪ್ಪು ಕಡಿಮೆ ಆಗೋದನ್ನು ನೋಡಿದ್ದೇನೆ. ಇದು ಸಂಶೋಧನೆ ಅಲ್ಲ, ಪಡಸಾಲೆಯ ಅನುಭವ.

ಚರ್ಚೆಯಿಂದ

ಒಬ್ಬ ಗೆಳೆಯರು ಚಾಟ್‌ನಲ್ಲಿ ಕೇಳಿದರು: ಹಾಗಾದರೆ ನಮ್ಮ ಹಿರಿಯರಿಗೆ ಈ ಪರೀಕ್ಷೆ ಸುಲಭ ಆಗುತ್ತಿತ್ತೇ? ಇಲ್ಲ. ಅಜ್ಜನಿಗೆ ಥೈಲಿಯ ಲೆಕ್ಕ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಥೈಲಿ ಯಾರದು? ಅವನಿಗೆ ಮರಳಿ ಕೊಡೂದಿಲ್ಲೇನು?”

ಮೇಡಂ ಕೇಳಿದ್ದು ಹೆಚ್ಚು ಗಂಭೀರ ಪ್ರಶ್ನೆ: ಗಾಂವಠಿ ಸಾಲಿಯಲ್ಲಿ ಪಾವಕಿ, ಔಟಕಿ ಕಲಿತವರು ಯಾರು? ನಿಜ. ಅಂಗಡಿಯವರ, ಕುಲಕರ್ಣಿಗಳ, ಹೊಲಮನೆ ಇದ್ದವರ ಗಂಡುಮಕ್ಕಳು. ನಮ್ಮ ಅಜ್ಜಿ ಸಾಲಿಯ ಮೆಟ್ಟಿಲು ಹತ್ತಿದವರಲ್ಲ. ಹಾಲಿನ ಲೆಕ್ಕವನ್ನು ಗೋಡೆಯ ಮೇಲೆ ಇದ್ದಿಲಿನಿಂದ ಐದೈದು ಗೀಟಿನ ಕಟ್ಟು ಮಾಡಿ ಇಡುತ್ತಿದ್ದರು, ಒಂದು ಗೀಟೂ ತಪ್ಪುತ್ತಿರಲಿಲ್ಲ. ನಾನು ಇವತ್ತು ‘ನಮ್ಮ ಪರಂಪರೆ’ ಅಂದಾಗಲೆಲ್ಲ ಅದು ಊರಿನ ಅರ್ಧಕ್ಕಿಂತ ಹೆಚ್ಚು ಜನರ ಕೈಗೆ ಸಿಗದೇ ಇದ್ದ ಪರಂಪರೆ. ಪ್ರಬಂಧದಲ್ಲಿ ಇದನ್ನು ಸೇರಿಸುತ್ತೇನೆ. ಸಿಇಟಿಗೆ ಫಾರ್ಮ್ ತುಂಬಲು ಇಂದು ಯಾರೂ ತಡೆಯುವುದಿಲ್ಲ, ಅಷ್ಟರಮಟ್ಟಿಗೆ ಹೊಸ ಪರೀಕ್ಷೆಯೇ ಮೇಲು.

ಸರ್ ಒಂದು ಉದಾಹರಣೆ ಕೇಳಿದರು, ಹಳೆಯ ಲೆಕ್ಕವನ್ನು ‘ಸಾಕೇ’ ಬಗೆಗೆ ತಿರುಗಿಸಿದ್ದು. ಕಾಕಾನ ಮಗಳು ಈ ವರ್ಷ ಸಿಇಟಿ ಬರೆಯುತ್ತಿದ್ದಾಳೆ, ಅವಳಿಗೆ ಅಂತ ಕಟ್ಟಿದ್ದೆ. ಅದೇ ಮೂವರು, ಅದೇ ಪಟ್ಟುಗಳು. ಥೈಲಿಯಲ್ಲಿ ಎಷ್ಟು ರೂಪಾಯಿ? ಹೇಳಿಕೆ ಒಂದು: ಥೈಲಿಯಲ್ಲಿದ್ದದ್ದು 40ಕ್ಕಿಂತ ಕಡಿಮೆ. ಹೇಳಿಕೆ ಎರಡು: ಅದು ಬೆಸಸಂಖ್ಯೆ. ಮೊದಲನೆಯದರಿಂದ 15 ಅಥವಾ 30. ಎರಡನೆಯದರಿಂದ 15, 45, 75 ಹೀಗೆ. ಎರಡೂ ಸೇರಿದರೆ 15 ಒಂದೇ. ಹಾಗಾಗಿ ‘ಎರಡೂ ಸೇರಿದರೆ ಸಾಕು’ ಅನ್ನುವ ಉತ್ತರ ಬರೆದಿಟ್ಟಿದ್ದೆ.

ಅವಳು ‘ಎರಡೂ ಸೇರಿದರೂ ಸಾಲದು’ ಅಂತ ಗುರುತು ಹಾಕಿದಳು. ತಪ್ಪು ಅಂದೆ. “ಅಣ್ಣಾ, ಮೊದಲನೇವನ ಕಿಸೆದಾಗ 20 ಪೈಸೆ ಇದ್ರ? ಆಮ್ಯಾಲೆ 60 ಪೈಸೆ, ಒಂದು ರೂಪಾಯಿ. ಥೈಲ್ಯಾಗ ಮೂರು ರೂಪಾಯಿ. ಮೂರು ಬೆಸ ಅಲ್ಲೇನು? ನಲವತ್ತಕ್ಕಿಂತ ಕಡಿಮಿ ಅಲ್ಲೇನು?” ಕೂತು ತಾಳೆ ನೋಡಿದೆ. 3.20 ಅನ್ನುವುದು 1.60ರ ಎರಡು ಪಟ್ಟು, 3.60 ಅನ್ನುವುದು 1.20ರ ಮೂರು ಪಟ್ಟು, 4 ಅನ್ನುವುದು 80 ಪೈಸೆಯ ಐದು ಪಟ್ಟು. ಮೂವರ ಕೈಲೂ ಪೂರ್ಣ ರೂಪಾಯಿ ಇತ್ತು ಅಂತ ನಾನು ಪ್ರಶ್ನೆಯಲ್ಲಿ ಬರೆದೇ ಇರಲಿಲ್ಲ. ಈಗ ಬರೆದುಕೊಂಡಿದ್ದೇನೆ.